ಸತ್ತವರ ಲೆಕ್ಕ

ದುರುಗೇಶನನ್ನು ಮಣ್ಣು ಮಾಡಿ ವಾರವೂ ಆಗಿರಲಿಲ್ಲ, ಹಾವೇರಿಯ ಖಾಸಗಿ ಆಸ್ಪತ್ರೆಯ ಡಾಕ್ಟರಮ್ಮ ಅಂಜಲಿ, ಬ್ಯಾಡಗಿಯಲ್ಲಿದ್ದ ಅವನ ಮನೆಗೆ ಒಪ್ಪಿಗೆ ಕೇಳಲು ಬಂದಳು. ಯಾವುದಕ್ಕೆ ಒಪ್ಪಿಗೆ? ಆಗಿಹೋದದ್ದಕ್ಕೆ! ಲಾರಿ ಗುದ್ದಿ, ನೆತ್ತರು ಸುರಿಯುತ್ತ ಬಂದವನಿಗೆ ರಕ್ತ ನಿಲ್ಲಿಸುವ ಹೊಸ ಔಷಧ ಕೊಟ್ಟು ನೋಡಿದ್ದರಂತೆ. ಅದು ಸಂಶೋಧನೆಯಂತೆ. ತುರ್ತಿದ್ದಾಗ ಮೊದಲು ಕೊಟ್ಟು ಆಮೇಲೆ ಕೇಳಬಹುದಂತೆ.

ಅವನ ಹೆಂಡತಿ ಪುಷ್ಪಾವತಿಗೆ ಮೈಯೆಲ್ಲ ಉರಿದುಹೋಯಿತು.

"ನಾ ಅಲ್ಲೇ ಬಾಗಲದಾಗ ಕುಂತಿದ್ನಲ್ಲ! ರೊಕ್ಕ ಕಟ್ಟು ಅನ್ನಾಕ ಮತ್ತ ಮತ್ತ ಬಂದ್ರಿ. ಇದನ್ನ ಹೇಳಾಕ ಒಬ್ರಿಗೂ ಬಾಯಿ ಇರಲಿಲ್ಲೇನು?"

"ಕೇಳಬೇಕಿತ್ರಿ. ತಪ್ಪಾತು," ಅಂಜಲಿ ತಲೆ ತಗ್ಗಿಸಿದಳು.

ತಪ್ಪಾಯಿತು ಎನ್ನುವುದು ಎಷ್ಟು ಸಲೀಸು! ಬಸ್ಸಿನಲ್ಲಿ ಕಾಲು ತುಳಿದವರೂ ಅದನ್ನೇ ಅನ್ನುತ್ತಾರೆ.

ಪುಷ್ಪಾವತಿಯ ಭಾವ ಪರಮೇಶಪ್ಪ ಎದ್ದು ನಿಂತ. "ಬ್ಯಾಡ ಅಂದ್ರ ಏನ್ ಮಾಡ್ತೀರಿ?"

"ಅವರ ಮಾಹಿತಿ ಪೂರಾ ತೆಗದ್ ಹಾಕ್ತೇವ್ರಿ. ಲೆಕ್ಕದಾಗ ಅವರು ಇರಂಗಿಲ್ಲ."

"ತೆಗೀರಿ. ನಡೀರಿ ಹೊರಗ."

ಪುಷ್ಪಾವತಿಗೂ ಅದೇ ಬೇಕಿತ್ತು. ಗಂಡನ ಹೆಸರು ಸಹ ಇವರ ಕೈಗೆ ಸಿಗಬಾರದು. ಆದರೂ ಹೊಸ್ತಿಲು ದಾಟುತ್ತಿದ್ದವಳನ್ನು ತಡೆದು ಕೇಳಿದಳು. "ಸತ್ತವರ ಮನಿಯವರು ಎಲ್ಲಾರೂ ಹಿಂಗ ಅಂತಾರೇನು?"

ಅಂಜಲಿ ಸುಳ್ಳು ಹೇಳಲಿಲ್ಲ. "ಬಾಳ ಮಂದಿ ಬ್ಯಾಡ ಅಂತಾರ್ರಿ. ಬದುಕಿದವರು ಖುಷೀಲೆ ಸಹಿ ಮಾಡ್ತಾರ. ಹಿಂಗಾಗಿ ಔಷಧ ಬಾಳ ಚಲೋ ಐತಿ ಅಂತ ಕಾಣಾಕತ್ತೈತಿ. ಖರೇ ಚಲೋ ಐತೋ, ಇಲ್ಲೋ, ಎಲ್ಲಾರ ಲೆಕ್ಕ ಕೂಡಿದ್ರಷ್ಟ ಗೊತ್ತಾಗ್ತದ."

ಪುಷ್ಪಾವತಿಗೆ ಈಗ ತಿಳಿಯಿತು. ಕೆಟ್ಟ ಕಾಯಿ ಅಡಿಗೆ ಮುಚ್ಚಿ, ಒಳ್ಳೆಯವನ್ನಷ್ಟೇ ಮೇಲೆ ತೋರಿಸಿ ಮೆಣಸಿನಕಾಯಿ ಚೀಲ ಮಾರಿದ ಹಾಗಾಯಿತಲ್ಲ ಇದು! ನಾಳೆ ರಾಣೆಬೆನ್ನೂರಿನಲ್ಲೋ ಹಲಗೇರಿಯಲ್ಲೋ ಯಾರಿಗೋ ಇದೇ ಔಷಧ ಚುಚ್ಚುತ್ತಾರೆ, ದುರುಗೇಶ ಸತ್ತೇ ಇಲ್ಲ ಎನ್ನುವ ಹಾಗೆ.

"ತಾ ಇಲ್ಲಿ ಕಾಗದಾ."

"ತಲಿ ಕೆಟ್ಟೈತೇನವಾ ನಿನಗ?" ಭಾವ ಗದರಿದ.

ಅವಳು ತಿರುಗಿ ನೋಡಲಿಲ್ಲ. ಹೆಸರು ಪೂರ್ತಿ ಬರೆದಳು.

"ಬಾಳ ಉಪಕಾರ ಆತ್ರಿ," ಎಂದಳು ಅಂಜಲಿ.

"ಉಪಕಾರ ಗಿಪಕಾರ ಅನಬ್ಯಾಡ. ನನ್ನ ಕೇಳದ ಚುಚ್ಚಿದ್ದಕ್ಕ ನಾ ಒಪ್ಪಿಲ್ಲ, ಸಾಯೋತನಕ ಒಪ್ಪಂಗಿಲ್ಲ. ಅಂವ ಸತ್ತಾನ ಅನ್ನೋದಕ್ಕಷ್ಟ ಸಹಿ ಮಾಡೇನಿ. ಅದನ್ನ ಬರಕೊ."