ಸಾವಕ್ಕನ ಕೌದಿಯ ನಾಲ್ಕನೇ ಮೂಲೆ

ನಾನು ಒಂದು ಕೌದಿ. ಹುಟ್ಟಿದ್ದು ಜೈಲಿನಲ್ಲಿ. ಮೂಗು ಮುರಿಯುವವರು ಈಗಲೇ ಮುರಿದುಬಿಡಿ, ಮುಂದೆ ಕಥೆ ಕೇಳಲು ಅಡ್ಡಿಯಾಗುವುದು ಬೇಡ.

ನನ್ನನ್ನು ಹೊಲಿದವಳು ಸಾವಕ್ಕ. ಐದು ವರ್ಷದ ಶಿಕ್ಷೆಯಾಗಿ, ಮಗಳು ಪಾರಿಯನ್ನು ಕಂಕುಳಲ್ಲಿಟ್ಟುಕೊಂಡೇ ಒಳಗೆ ಬಂದವಳು. ಮಗುವಿಗೆ ಆರು ತುಂಬಿದರೆ ಅಲ್ಲಿ ಇರುವಂತಿಲ್ಲ. ಅಷ್ಟರೊಳಗೆ ಅದಕ್ಕೊಂದು ಹೊದಿಕೆ ಆಗಲೆಂದು, ಹೊಲಿಗೆ ಕೋಣೆಯ ಚಿಂದಿಗಳಿಗೆ ತನ್ನ ಹಳೆಯ ಇಳಕಲ್ ಸೀರೆ ಕೂಡಿಸಿ ನನ್ನನ್ನು ಶುರು ಮಾಡಿದಳು. ದಿನಾ ಸಂಜೆ ಸೂಜಿ ವಾಪಸ್ ಕೊಡಬೇಕು. ಹಾಗಾಗಿ ನಾನು ಬೆಳೆದದ್ದು ಹಗಲಲ್ಲಿ ಮಾತ್ರ.

ಸಾವಕ್ಕನ ಮನೆತನದಲ್ಲಿ ಒಂದು ಪದ್ಧತಿ. ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೆ ನಾಲ್ಕು ಕಾಳು ಜೋಳ ಹಾಕುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದು. ಶುರು ಮಾಡಿದ ಕೈಯೇ ಅದನ್ನು ಮುಗಿಸಬೇಕು. ಆದರೆ ಮಕ್ಕಳ ಕಲ್ಯಾಣ ಸಮಿತಿಯವರು ಪಾರಿಯನ್ನು ಕರೆದೊಯ್ಯಲು ಬಂದ ದಿನ ನನ್ನ ಮೂರೇ ಮೂಲೆ ಮುಗಿದಿದ್ದವು.

"ಈ ಮೂಲಿ ನಾ ಬಂದು ಮುಚ್ಚತೇನಿ. ಅಲ್ಲೀತನಕ ಹಿಂಗ ಇಟ್ಕೋ," ಎಂದಳು ಸಾವಕ್ಕ, ಮಗಳ ಕೈಗೆ ನನ್ನನ್ನು ಕೊಟ್ಟು.

ಸಮಿತಿಯವರು ಪಾರಿಯನ್ನು ಸಾಕಲು ಕಲ್ಲವ್ವನ ಮನೆಯಲ್ಲಿ ಬಿಟ್ಟರು, ತಾಯಿ ಬಿಡುಗಡೆಯಾಗುವ ತನಕ. ಕಲ್ಲವ್ವ ಅಂಗನವಾಡಿಯಲ್ಲಿ ಅಡುಗೆ ಮಾಡಿ ನಿವೃತ್ತಳಾದ ಹೆಂಗಸು, ಒಂಟಿ ಜೀವ, ಬಾಯಿ ಜೋರು. ಪಕ್ಕದ ಮನೆಯವಳು, "ಜೈಲಿನ ಕೂಸು ಮನ್ಯಾಗ ಯಾಕ ಇಟಗೊಂಡೀಯವಾ?" ಎಂದಾಗ, ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದೇಬಿಟ್ಟಳು. "ಕೂಸೇನು ಕಳವು ಮಾಡೇತೇನ? ಹೋಗು, ನಿನ್ನ ಒಲಿ ಮ್ಯಾಲಿನ ಹಾಲು ನೋಡ್ಕೋ!" ನನಗೆ ಅವಳು ಅಂದೇ ಮೆಚ್ಚಿಗೆಯಾದಳು.

ಆದರೆ ಅವಳೂ ಒಂದು ತಪ್ಪು ಮಾಡಿದಳು. ಪಾರಿ ಶಾಲೆಗೆ ಹೋದಾಗ ನನ್ನ ತೆರೆದ ಮೂಲೆಯನ್ನು ಚೆಂದವಾಗಿ ಹೊಲಿದಿಟ್ಟಳು. ಪಾರಿ ಬಂದವಳೇ ನೋಡಿದಳು, ಹಲ್ಲಿನಿಂದ ದಾರ ಕಚ್ಚಿ ಕಿತ್ತಳು.

"ಅದು ನಮ್ಮವ್ವನ ಕೆಲಸ! ನೀ ಯಾಕ ಮುಟ್ಟಿದಿ?"

ಕಲ್ಲವ್ವ ನೆಲಕ್ಕೆ ಕೂತುಬಿಟ್ಟಳು. ಈ ಮಗು ತನಗೇ ಉಳಿದರೆ ಎಂಬ ಆಸೆ ಅವಳ ಎದೆಯಲ್ಲಿ ಬಂದು ಕೂತಿತ್ತು. ಅದು ಅವಳಿಗೂ ಆಗಲೇ ಗೊತ್ತಾದದ್ದು. "ತಪ್ಪಾತು ನನ್ನವ್ವಾ," ಎಂದಳು. ಅಂದಿನಿಂದ ಪ್ರತಿ ತಿಂಗಳೂ ಪಾರಿಯ ಕೈ ಹಿಡಿದು ಜೈಲಿನ ಭೇಟಿಗೆ ಕರೆದೊಯ್ದಳು, ಒಂದು ಸಲವೂ ತಪ್ಪಿಸಲಿಲ್ಲ.

ಎರಡು ವರ್ಷದ ಮೇಲೆ ಸಾವಕ್ಕ ಬಿಡುಗಡೆಯಾಗಿ ಬಂದಳು. ಬಂದವಳು ಹೊಸ್ತಿಲು ದಾಟಲಿಲ್ಲ. ಮಗಳ ಎರಡು ಜಡೆ, ಇಸ್ತ್ರಿ ಮಾಡಿದ ಸಮವಸ್ತ್ರ ನೋಡುತ್ತ ನಿಂತಳು.

"ಇಲ್ಲೇ ಛಲೋ ಅದಾಳ ಯಕ್ಕಾ. ನನ್ನ ಕೂಡ ಬಂದ್ರ ಮಂದಿ ಇಕೀಗೂ ಜೈಲಿನಾಕಿ ಅಂತಾರ. ಇಲ್ಲೇ ಇರ್ಲಿ."

ನನಗೆ ಮೈಯೆಲ್ಲ ಉರಿಯಿತು. ಎರಡು ವರ್ಷ ಹೊಟ್ಟೆ ಖಾಲಿ ಇಟ್ಟುಕೊಂಡು ಕಾದದ್ದು ಇದಕ್ಕೇನು? ಕಲ್ಲವ್ವ ಒಂದು ಮಾತು "ಆಗಲಿ" ಎಂದಿದ್ದರೆ ಅಂದೇ ಎಲ್ಲ ಮುಗಿಯುತ್ತಿತ್ತು. ಅವಳು ಅನ್ನಲಿಲ್ಲ. ಪಾರಿ ನನ್ನನ್ನು ದರದರ ಎಳೆದುತಂದು ಒಳಮನೆಯ ನಡುವೆ ಹಾಸಿದಳು.

"ಮೂಲಿ ಮುಚ್ಚತೇನಿ ಅಂದಿದ್ದಿ. ಮುಚ್ಚು. ಆಮ್ಯಾಲೆ ಬೇಕಾದ್ರ ಹೋಗು."

ಕಲ್ಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗಿನಿಂದ ಸೂಜಿ-ದಾರ ತಂದಳು, ಜೊತೆಗೆ, ಭೇಟಿಗಳಲ್ಲಿ ಸಾವಕ್ಕನಿಂದ ಕೇಳಿ ತಿಳಿದಿದ್ದಂತೆ, ಒಂದು ಹಿಡಿ ಜೋಳ. ಕೌದಿ ಹೊಲಿಯಬೇಕಾದರೆ ಒಳಗೆ ಬಂದು ಕೂರಲೇಬೇಕು. ಸಾವಕ್ಕ ಕೂತಳು. ಕೊನೆಯ ಗಂಟು ಬೀಳುವಷ್ಟರಲ್ಲಿ ಪಾರಿ ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು, ಮುಷ್ಟಿಯಲ್ಲಿ ತಾಯಿಯ ಸೆರಗು. ಆ ಸೆರಗು ಬಿಡಿಸಿಕೊಳ್ಳುವ ಧೈರ್ಯ ಸಾವಕ್ಕನಿಗೆ ಬರಲಿಲ್ಲ. ಮುಂದಿನ ವಾರ ತಾಯಿ-ಮಗಳು ಅದೇ ಓಣಿಯಲ್ಲಿ ಬಾಡಿಗೆ ಕೋಣೆ ಹಿಡಿದರು.

ಈಗ ನಾನು ಮುದುಕಿ. ಪಾರಿಯ ಕಾಲೇಜು ಹಾಸ್ಟೆಲಿನ ಮಂಚದ ಕಾಲ್ದೆಸೆಯಲ್ಲಿ ಮಡಚಿಕೊಂಡು ಮಲಗಿದ್ದೇನೆ. ಮೂರು ಮೂಲೆ ಪಿಸಿದುಹೋಗಿವೆ. ನಾಲ್ಕನೆಯದು ಮಾತ್ರ ಗಟ್ಟಿ. ಮೊನ್ನೆ ಹೊಸದಾಗಿ ಬಂದ ಹುಡುಗಿ ನನ್ನನ್ನು ಮುಟ್ಟಿ ನೋಡಿ, "ಎಲ್ಲಿ ತಗೊಂಡ್ರಿ ಅಕ್ಕಾ?" ಎಂದಳು.

ಪಾರಿ ದನಿ ತಗ್ಗಿಸಲಿಲ್ಲ. "ತಗೊಂಡಿದ್ದಲ್ಲ. ನಮ್ಮವ್ವ ಜೈಲಿನ್ಯಾಗ ಕುಂತು ಹೊಲದದ್ದು. ಈ ಮೂಲಿ ಅಷ್ಟ ಮನ್ಯಾಗ."