ಆವತ್ತಿನ ವಾಕ್ಯ

ಎತ್ತು ಕಟ್ಟುವ ಹಗ್ಗಗಳನ್ನು ಒಂದಕ್ಕೊಂದು ಹೊಸೆಯುತ್ತಲೇ ಚೌರಪ್ಪ ಅಂಗಳಕ್ಕೆ ಬಂದ. ಅವನ ಅಣ್ಣ ಇನ್ನಾಸಪ್ಪ ಬಾಗಿಲ ಬಳಿ ಕೂತು ಗರಗಸದ ಹಲ್ಲಿಗೆ ಅರ ಹಾಕುತ್ತಿದ್ದ. "ಬಾರಲೇ, ಕೂಡು" ಎಂದು ತಲೆಯೆತ್ತುವಷ್ಟರಲ್ಲಿ ಮೊದಲ ಏಟು ಬೆನ್ನಿಗೆ ಬಿತ್ತು.

"ಕುಡಿದೀಯೇನಲೇ?"

"ಯೇಸುಸ್ವಾಮಿ ಹಗ್ಗದಾಗೆ ಚಾಟಿ ಮಾಡಿ, ತಂದೆ ಮನೆ ಹೊಲಸು ಮಾಡಿದೋರನ್ನ ಹೊಡೆದು ಓಡಿಸಿದ. ಇದು ನಮ್ಮಪ್ಪನ ಮನೆ. ಆಕಿನ್ನ ಹೊರಗೆ ಹಾಕು!"

ಆಕೆ ಎಂದರೆ ನೀಲಾಂಬಿಕ. ಉಡುತಡಿ ಕಡೆಯ ವಿಧವೆ. ವರ್ಷದಿಂದ ಇನ್ನಾಸಪ್ಪನ ಜೊತೆಗಿದ್ದಳು. ಜ್ಞಾನಸ್ನಾನವಿಲ್ಲ, ಚರ್ಚಿನಲ್ಲಿ ಮದುವೆಯೂ ಇಲ್ಲ. ಮರ ಕೊಯ್ಯಲು ಬಂದು ಶಿರಾಳಕೊಪ್ಪದ ಅಂಚಿನಲ್ಲೇ ನಿಂತ ಐದಾರು ಕ್ರೈಸ್ತರ ಮನೆಗಳಲ್ಲಿ ಅದೇ ಮಾತು. ಈಸ್ಟರಿಗೆ ಮುಂಚಿನ ತಪಸ್ಸು ಕಾಲವಾದ್ದರಿಂದ ಚರ್ಚಿನ ಉಪದೇಶಿ ದೇವಸಹಾಯಪ್ಪ ದಿನಾ ನಸುಕಿಗೆ ಅಂದಂದಿನ ವಾಕ್ಯ ಓದುತ್ತಿದ್ದ. ಅಕ್ಷರ ಬಾರದ ಚೌರಪ್ಪ ಎದುರಿಗೇ ಕೂತು ಕೇಳುವವನು. ಕೇಳಿದ್ದನ್ನು ಸಂಜೆಯೊಳಗೆ ಮಾಡಿ ತೀರುವವನು. ಕ್ರಿಸ್ಮಸ್ಸಿಗೆ ಮುಂಚೆ, ಎರಡು ಅಂಗಿಯಿದ್ದವನು ಒಂದನ್ನು ಇಲ್ಲದವನಿಗೆ ಕೊಡಲಿ ಎಂದು ಓದಿದ ದಿನ ಒಂದನ್ನು ಸಂತೆಯ ಕುಂಟನಿಗೆ ಕೊಟ್ಟು, ಇಡೀ ಚಳಿಗಾಲ ಒಂದರಲ್ಲೇ ಕಳೆದಿದ್ದ. ಈ ಬೆಳಿಗ್ಗೆ ಓದಿದ್ದು ಚಾಟಿಯ ಮಾತು.

ಅಣ್ಣ ಎದ್ದು ನಿಂತು ನಗಲು ನೋಡಿದ. ಆ ನಗೆಯೇ ಚೌರಪ್ಪನನ್ನು ಕೆರಳಿಸಿತು. ಭುಜಕ್ಕೆ, ಕತ್ತಿಗೆ, ಅಡ್ಡ ಹಿಡಿದ ತೋಳಿಗೆ ಬಾರಿಸಿದ. ಒಂದು ಹಗ್ಗದ ತುದಿಯಲ್ಲಿ ಕಬ್ಬಿಣದ ಬಳೆ ಹಾಗೇ ಉಳಿದಿತ್ತು. ಅದು ಬೀಸಿ ಬಂದು ಇನ್ನಾಸಪ್ಪನ ಎಡಗಣ್ಣಿಗೆ ಬಡಿಯಿತು. ಅವನು ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿ ಮಂಡಿಯೂರಿದ. ಬೆರಳ ಸಂದಿಯಿಂದ ರಕ್ತದ ಜೊತೆ ಇನ್ನೇನೋ ಲೋಳೆಯಂಥದ್ದು ಇಳಿಯಿತು. ಒಳಗಿನಿಂದ ಓಡಿಬಂದ ನೀಲಾಂಬಿಕ ಒನಕೆಯಿಂದ ಚೌರಪ್ಪನ ತಲೆಗೆ ಹೊಡೆದಳು. ಎಚ್ಚರವಾದಾಗ ಅಂಗಳದಲ್ಲಿ ಅವನೊಬ್ಬನೇ ಬಿದ್ದಿದ್ದ.

ಶಿಕಾರಿಪುರದ ಆಸ್ಪತ್ರೆಯಲ್ಲಿ ಇನ್ನಾಸಪ್ಪ, ಮರದ ಸಿಬಿರು ಹಾರಿ ಬಡಿಯಿತು ಎಂದು ಹೇಳಿದನಂತೆ. ಅಲ್ಲಿಂದ ಊರಿಗೆ ಬರಲಿಲ್ಲ. ಅದುವರೆಗೆ ದಿಮ್ಮಿಯ ಮೇಲೆ ಅಣ್ಣ, ಕೆಳಗಿನ ಗುಂಡಿಯಲ್ಲಿ ತಮ್ಮ ನಿಂತು ಕೊಯ್ಯುತ್ತಿದ್ದರು. ಈಗ ಮೇಲೆ ಊರಿನ ಕೂಲಿ ಕರಿಯಣ್ಣ ಬಂದ.

"ನಿಮ್ಮಣ್ಣ ಸೊರಬದಾಗೆ ಸೌದೆ ಒಡೀತಾನಂತೆ ಕಣೋ," ಎಂದ ಕರಿಯಣ್ಣ ಒಂದು ದಿನ. "ಒಂದು ಕಣ್ಣಿಗೆ ಕೊಯ್ಯೋ ಗೆರೆ ಸಿಗಲ್ವಂತೆ. ಗರಗಸ ಮಾರಿದ್ನಂತೆ."

"ಕಣ್ಣು ಪಾಪಕ್ಕೆ ಎಳೆದ್ರೆ ಕಿತ್ತು ಬಿಸಾಕು ಅಂತ ಬರೆದೈತಿ."

ಕರಿಯಣ್ಣ ಗರಗಸ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದ. "ಅವನ ಕಣ್ಣು ಅವನು ಕಿತ್ಕೊಳ್ಳೋದಲ್ವೇನೋ ಅದು?" ಚೌರಪ್ಪ ಕೆಳಗಿನಿಂದ ಗರಗಸದ ಹಿಡಿ ಜಗ್ಗಿದ. ಮುಖದ ಮೇಲೆ ಮತ್ತೆ ಹೊಟ್ಟು ಉದುರತೊಡಗಿತು.

ಮಳೆ ಹಿಡಿದ ಮೇಲೆ ಒಂದು ಭಾನುವಾರ ಚೌರಪ್ಪ ಹರಕೆಯ ಹುಂಜ ಹಿಡಿದು ಚರ್ಚಿಗೆ ಹೋದ. ಪಾದ್ರಿ ಸ್ವಾಮಿಗಳು ಶಿವಮೊಗ್ಗೆಯಿಂದ ಬರಲಾಗದೆ ಉಪದೇಶಿಯೇ ಓದಿದ. ನೀನು ಕಾಣಿಕೆ ತಂದಾಗ ನಿನ್ನ ಸೋದರನಿಗೆ ನಿನ್ನ ಮೇಲೆ ಏನೋ ದೂರಿದೆಯೆಂದು ನೆನಪಾದರೆ, ಕಾಣಿಕೆಯನ್ನು ಪೀಠದ ಮುಂದೆ ಅಲ್ಲೇ ಬಿಡು. ಮೊದಲು ಹೋಗಿ ಅವನೊಡನೆ ರಾಜಿಯಾಗು. ಚೌರಪ್ಪ ಎದ್ದು, ಕಾಲು ಕಟ್ಟಿದ ಹುಂಜವನ್ನು ಪೀಠದ ಮೆಟ್ಟಿಲ ಮೇಲಿಟ್ಟು ಹೊರಟ.

"ಎಲ್ಲಿಗೋ? ಪ್ರಾರ್ಥನೆ ಮುಗೀಲಿ," ಎಂದ ಉಪದೇಶಿ.

"ಅಲ್ಲೇ ಬಿಟ್ಟು ಹೋಗು ಅಂದ್ರಲ್ರೀ."

"ಅದು ಮನಸ್ಸಿನಾಗೆ ಮಾಡ್ಕೊಳ್ಳೋ ಮಾತು ಕಣೋ."

"ಚಾಟಿ ಓದಿದ ದಿನ ಮನಸ್ಸಿನಾಗೆ ಅಂತ ಹೇಳ್ಲಿಲ್ಲ ನೀವು."

ಉಪದೇಶಿ ಪುಸ್ತಕ ಮುಚ್ಚಿದ.

ಚೌರಪ್ಪ ಬಸ್ಸಿಳಿದು ವಿಚಾರಿಸಿಕೊಂಡು ಹೋದಾಗ ಸೊರಬದ ಹೊರಗೆ ಒಂದು ಗುಡಿಸಲ ಮುಂದೆ ಇನ್ನಾಸಪ್ಪ ಸೌದೆ ಒಡೆಯುತ್ತಿದ್ದ. ನಿಲ್ಲಿಸಿದ ತುಂಡಿನ ಪಕ್ಕಕ್ಕೇ ಕೊಡಲಿ ಬೀಳುತ್ತಿತ್ತು. ಎರಡನೇ ಸಲವೂ ತಪ್ಪಿತು. ಚೌರಪ್ಪನನ್ನು ಮೊದಲು ಕಂಡವಳು ನೀಲಾಂಬಿಕ. ಸೂರಿಗೆ ಸಿಕ್ಕಿಸಿದ್ದ ಕುಡುಗೋಲು ಎಳೆದುಕೊಂಡಳು.

"ಇನ್ನೊಂದು ಕಣ್ಣು ಬೇಕಾಯ್ತೇನೋ, ಹಡಬೆ?"

"ಅತ್ತಿಗೆ..." ಎಂದ ಚೌರಪ್ಪ. ಆ ಮಾತು ಅವನ ಬಾಯಿಂದ ಅದೇ ಮೊದಲು ಬಂದಿತ್ತು.

ಇನ್ನಾಸಪ್ಪ ಕೊಡಲಿಯನ್ನು ನೆಲಕ್ಕೆ ಒಗೆದ. ಬೇಲಿಯ ಗೂಟ ಕಿತ್ತ. ಮೊದಲ ಏಟಿಗೆ ಚೌರಪ್ಪನ ಎಡ ಹೆಗಲ ಎಲುಬು ಲಟಕ್ಕೆಂದಿತು. ಮುಂದಿನದು ಬಾಯಿಗೆ. ಹಲ್ಲೊಂದು ನಾಲಿಗೆಯ ಮೇಲೆ ಬಂತು. ಬಿದ್ದವನ ಪಕ್ಕೆಗೆ ಅಣ್ಣ ಒದ್ದ, ಮತ್ತೆ ಒದ್ದ. ಅವನ ಉಸಿರು ಬುಸುಗುಟ್ಟುತ್ತಿತ್ತು. ಚೌರಪ್ಪನ ಬಲಗೈಗೆ ಒಂದು ಸೌದೆ ಸಿಕ್ಕಿತು. ಬೆರಳು ಬಿಗಿದವು. ಅಣ್ಣನ ಎಡಗಡೆ ಕಣ್ಣಿಲ್ಲ. ಆ ಕಡೆಯಿಂದ ಬೀಸಿದರೆ ಅವನಿಗೆ ಕಾಣದು. ಅದು ಹೊಳೆದೊಡನೆ ಚೌರಪ್ಪ ಸೌದೆ ಬಿಟ್ಟ.

"ಸಾಕು ಬಿಡ್ರೀ!" ನೀಲಾಂಬಿಕ ಗಂಡನ ಸೊಂಟ ಹಿಡಿದು ಎಳೆದಳು. "ಇವನು ಸತ್ರೆ ಪೊಲೀಸ್ರು ನಿಮ್ಮನ್ನ ಎಳ್ಕೊಂಡು ಹೋಗ್ತಾರೆ. ಇವನ ಸಲುವಾಗಿ ನಾನು ಇನ್ನೊಂದ್ಸಲ ರಂಡೆ ಆಗ್ಲೇನು?"

ಇನ್ನಾಸಪ್ಪ ಗೂಟ ಬಿಟ್ಟು, ಪೂರ್ತಿ ಕತ್ತು ಹೊರಳಿಸಿ ತಮ್ಮನನ್ನು ನೋಡಿದ. "ಯಾಕೆ ಬಂದೆ?"

"ವಾಕ್ಯ..." ಎಂದು ಶುರುಮಾಡಿದ ಚೌರಪ್ಪ ರಕ್ತ ಉಗುಳಿದ. "ಕಣ್ಣು ಕಳೆದೆ, ಅಣ್ಣಾ. ಅದಕ್ಕೆ ಬಂದೆ."

"ಕೊಡ್ತೀಯೇನು ವಾಪಸ್ಸು?"

"ಇಲ್ಲ."

"ಮತ್ತೆ ನಡಿ. ಮಾಫಿ ಗೀಫಿ ನನ್ನ ಹತ್ರ ಇಲ್ಲ."

ಇನ್ನಾಸಪ್ಪ ಕೊಡಲಿ ಎತ್ತಿಕೊಂಡು ಕೆಲಸಕ್ಕೆ ತಿರುಗಿದ. ಏಟು ತುಂಡಿನ ಅಂಚಿಗೆ ತಾಗಿ ಜಾರಿತು. ತುಂಡು ಉರುಳಿ ಚೌರಪ್ಪನ ಬಳಿ ಬಂತು. ಚೌರಪ್ಪ ಮಂಡಿಯ ಮೇಲೆ ತೆವಳಿ ಅದನ್ನು ತಂದು ಕೊರಡಿನ ಮೇಲೆ ನಿಲ್ಲಿಸಿದ. ಸರಿಯಿದ್ದ ಒಂದು ಕೈಯಿಂದ ಅದನ್ನು ಹಿಡಿದುಕೊಂಡ.

"ಕೈ ತೆಗಿ."

ಚೌರಪ್ಪ ತೆಗೆಯಲಿಲ್ಲ. "ಕೈ ಇರೋ ಕಡೆ ತುಂಡು ಐತಿ. ನೋಡಿ ಹಾಕು."

"ತೆಗಿಯಲೇ, ಕತ್ತರಿಸಿ ಹೋಗ್ತೈತಿ!"

ಚೌರಪ್ಪ ಕಣ್ಣು ಮುಚ್ಚಿಕೊಂಡಿದ್ದ. ಇನ್ನಾಸಪ್ಪ ಒಂದು ಹೆಜ್ಜೆ ಎಡಕ್ಕೆ ಸರಿದ, ಕತ್ತು ಓರೆ ಮಾಡಿ ನೋಡಿದ, ಇನ್ನೂ ಸ್ವಲ್ಪ ಸರಿದ. ಕೊಡಲಿ ಮೇಲಕ್ಕೆ ಹೋಯಿತು.

ತುಂಡು ನಡುವೆ ಸೀಳಿ ಎರಡಾಗಿ ಬಿತ್ತು. ಒಳಗಿನ ಕೆಂಪು ಮರ ಹಸಿಯಾಗಿತ್ತು. ಚೌರಪ್ಪ ಕಣ್ಣು ತೆರೆದು, ಬೆರಳುಗಳ ಕಡೆ ನೋಡದೆ, ಇನ್ನೊಂದು ತುಂಡಿಗೆ ಕೈ ಚಾಚಿದ.