ಕಾಂಪೌಂಡರಮ್ಮನ ದೆವ್ವ

ತಾನು ಸತ್ತು ನಲವತ್ತೊಂದು ವರ್ಷವಾಯಿತೆಂಬ ಸುದ್ದಿ ಕಾಂಪೌಂಡರಮ್ಮನಿಗೆ ತಿಳಿದದ್ದು ಕೆಳಮನೆಯ ಹುಡುಗಿಯ ಬಾಯಿಂದ. ಹಳೇಪೇಟೆಯಲ್ಲಿ ಟಿಕೆಟ್ ತೆಗೆದುಕೊಂಡರೆ ದೆವ್ವದ ಮನೆಗಳನ್ನು ತೋರಿಸುತ್ತಾರೆ, ಕೊನೆಯದು ಡಾಕ್ಟರ ಮನೆ, ಅಲ್ಲಿ ಮಗುವಿಗೆ ವಿಷ ಕುಡಿಸಿ ಮಹಡಿಯಿಂದ ಹಾರಿಕೊಂಡ ಕಾಂಪೌಂಡರಮ್ಮ ಈಗಲೂ ಬಾಟಲಿ ಅಲ್ಲಾಡಿಸುತ್ತ ಓಡಾಡುತ್ತಾಳಂತೆ ಎಂದು ಅವಳು ಕಣ್ಣರಳಿಸಿ ಹೇಳಿದಳು. ಮುದುಕಿ ಬಿಡಿಸುತ್ತಿದ್ದ ಬಟಾಣಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ನಡೆದದ್ದೇ ಬೇರೆ. ಡಾಕ್ಟರ ದವಾಖಾನೆಯಲ್ಲಿ ಔಷಧಿ ಕಲಸಿಕೊಡುವುದು ಅವಳ ಕೆಲಸ, ಆ ದಿನ ಅವಳು ಅಲ್ಲಿಗೆ ಹೋಗಿಯೇ ಇರಲಿಲ್ಲ. ನಾಲ್ಕು ವರ್ಷದ ಮಗಳಿಗೆ ಮೈ ಸುಡುವ ಜ್ವರ. ಬರುವುದಿಲ್ಲವೆಂದು ಹೇಳಿ ಕಳಿಸಿ ಹಾಸಿಗೆಯ ಪಕ್ಕ ಕೂತಿದ್ದಳು. ಡಾಕ್ಟರು ತಾವೇ ಔಷಧಿ ಕಲಸಿದರು. ಯಾವುದೋ ಬಾಟಲಿಯ ಬದಲು ಇನ್ಯಾವುದೋ ಬಾಟಲಿ ಕೈಗೆ ಬಂತು, ಬ್ರೆಡ್ಡಿನ ಅಂಗಡಿಯವನ ಮಗು ಸಂಜೆಯೊಳಗೆ ತೀರಿಹೋಯಿತು. ಮಾರನೆಯ ದಿನ ಡಾಕ್ಟರು ಕೈ ತೊಳೆದುಕೊಂಡು ಇವಳ ಮೇಲೆ ಗೂಬೆ ಕೂರಿಸಿದರು. ದೊಡ್ಡ ಮನುಷ್ಯರು ನೋಡಿ, ಅವರ ಮಾತು ಯಾರು ಅಲ್ಲಗಳೆಯುತ್ತಾರೆ? ಆಮೇಲೆ ಯಾವ ಔಷಧಿ ಅಂಗಡಿಯೂ ಅವಳನ್ನು ಹೊಸಿಲು ದಾಟಿಸಲಿಲ್ಲ. ಉಳಿದ ಆಯಸ್ಸೆಲ್ಲ ಹೋಟೆಲಿನ ಲೋಟ ತೊಳೆದೇ ಕಳೆಯಿತು. ಅದನ್ನೂ ಹಲ್ಲು ಕಚ್ಚಿ ನುಂಗಿಕೊಂಡಿದ್ದಳು. ಈಗ ದೆವ್ವ ಬೇರೆ ಮಾಡಿದ್ದಾರೆ ಎಂದರೆ ಹೊಟ್ಟೆಯೊಳಗೆ ಬೆಂಕಿ ಬೀಳದೆ ಇರುತ್ತದೆಯೇ?

"ಮಂಡಿ ನೋವು ಅಂತ ಹಾಲು ತರೋಕೂ ಹೋಗಲ್ಲ ನೀನು. ದೆವ್ವ ನೋಡೋಕೆ ಕಾಲು ಬಂತಾ?" ಎಂದಳು ಮಗಳು.

"ಸುಮ್ಮನೆ ಬಾರೇ. ನನ್ನ ದೆವ್ವಾನ ನಾನು ನೋಡಬಾರದಾ?"

ಸಂಜೆ ಆರಕ್ಕೆ, ಇನ್ನೂ ಬೆಳಕಿರುವಾಗಲೇ, ಕರಿ ಕೋಟು ತೊಟ್ಟ ಗೈಡು ಲಾಟೀನು ಹಿಡಿದು ಇಪ್ಪತ್ತು ಜನರನ್ನು ಕಲ್ಲು ಹಾಸಿದ ಬೀದಿಗಳಲ್ಲಿ ನಡೆಸಿಕೊಂಡು ಹೊರಟ. ಮಾತಿಗೆ ಮುಂಚೆ ಎಂಜಲು ನುಂಗುವ ರೀತಿ ನೋಡಿಯೇ ಮುದುಕಿ ಅವನನ್ನು ಗುರುತು ಹಿಡಿದಳು. ಡಾಕ್ಟರ ಮಗ ಗುಂಡ! ಹೆಸರಿಗೆ ಗುಂಡ, ಈಗ ನೋಡಿದರೆ ಒಣಗಿದ ಕಡ್ಡಿ. ಚಿಕ್ಕಂದಿನಲ್ಲಿ ಇವನಿಗೆ ಕಹಿ ಔಷಧಿ ಕುಡಿಸಲು ಸಕ್ಕರೆ ಪಾಕ ಬೆರೆಸಿ ಮನೆಯ ಕೆಳಗಿದ್ದ ದವಾಖಾನೆಯೆಲ್ಲ ಅಟ್ಟಾಡಿಸಿದ್ದಳು. ಕಲಸಿದ ಔಷಧಿಯ ಬಾಟಲಿಗಳಿಗೆ ಒಂದೊಂದು ಹೊತ್ತಿನ ಅಳತೆ ತೋರಿಸುವ ಕಾಗದದ ಪಟ್ಟಿ ಅಂಟಿಸುವುದೇ ಆಗ ಅವನಿಗೆ ಆಟ. ಯಾರೋ ಗೊತ್ತಿಲ್ಲದವರು ಕಾಗೆ ಹಾರಿಸುತ್ತಿದ್ದಾರೆ ಎಂದುಕೊಂಡು ಬಂದಿದ್ದಳು. ಅವತ್ತಿನ ಬಾಟಲಿಗೂ ಪಟ್ಟಿ ಅಂಟಿಸಿದವನು ಇವನೇ, ಇವನಿಗೆ ಎಲ್ಲ ಗೊತ್ತು. ಅವಳ ಸಿಟ್ಟು ಇಮ್ಮಡಿಯಾಯಿತು.

ಡಾಕ್ಟರ ಮನೆಯ ಮುಂದೆ ಅವನು ದನಿ ತಗ್ಗಿಸಿ ಅವಳನ್ನು ಮಹಡಿಯಿಂದ ಬೀಳಿಸಿದ. ಜನ ಉಸಿರು ಬಿಗಿಹಿಡಿದು ಕೇಳಿದರು. ಮುಗಿಸಿ, ವಾಡಿಕೆಯಂತೆ ಲಾಟೀನು ಎತ್ತಿ, "ಈಗ ನಿಮ್ಮ ಸರದಿ. ನಿಮಗೆ ಗೊತ್ತಿರೋ ದೆವ್ವದ ಕಥೆ ಹೇಳಿ. ಲಾಟೀನು ಯಾರ ಕೈಲಿರುತ್ತೋ ಅವರದ್ದೇ ಮಾತು, ನಾನೂ ನಡುವೆ ಬಾಯಿ ಹಾಕಲ್ಲ, ಅದು ಇಲ್ಲಿನ ನಿಯಮ," ಎಂದ.

ಮುದುಕಿ ಕೈ ಚಾಚಿ ಲಾಟೀನು ಇಸಿದುಕೊಂಡಳು.

"ಆ ಕಾಂಪೌಂಡರಮ್ಮ ನಾನೇ," ಎಂದಳು. ಯಾರೋ ಕಿಸಕ್ಕೆಂದರು. "ನಂಬಿಕೆ ಇಲ್ದಿದ್ರೆ ಮುಟ್ಟಿ ನೋಡಿ. ಮಂಡಿ ಮಾತ್ರ ಮುಟ್ಟಬೇಡಿ, ನೋವಿದೆ."

ಗೈಡು ಬಾಯಿ ತೆರೆದ.

"ನಿಯಮ ಅಂದ್ರೆ ನಿಯಮ ಕಣೋ ಗುಂಡ."

ಆ ಹೆಸರು ಕೇಳಿ ಅವನ ಮುಖ ಬಿಳಚಿಕೊಂಡಿತು. ಅವಳು ಜನರ ಕಡೆ ತಿರುಗಿದಳು. "ಇವಳು ನನ್ನ ಮಗಳು. ಅವತ್ತು ಇವಳಿಗೆ ಜ್ವರ, ನಾನು ಮನೇಲಿದ್ದೆ. ಮಹಡಿಯಿಂದ ಹಾರೋ ಮಾತಿರಲಿ, ಈ ಮಹಡಿ ಹತ್ತೋಕೇ ನಮ್ಮಂಥೋರನ್ನ ಬಿಡ್ತಿರಲಿಲ್ಲ." ನಂತರ ಲಾಟೀನನ್ನು ಅವನ ಕೈಗೇ ತುರುಕಿದಳು. "ಈಗ ನೀನು ಹೇಳು. ಯಾರೂ ಬಾಯಿ ಹಾಕಲ್ಲ. ಆ ಬಾಟಲಿಗೆ ಪಟ್ಟಿ ಅಂಟಿಸಿದ್ದು ನೀನು. ಔಷಧಿ ಕಲಸಿದ್ದು ಯಾರು?"

ಅವನು ಎರಡು ಸಲ ಎಂಜಲು ನುಂಗಿದ.

"ಅಪ್ಪ," ಎಂದ. "ಯಾರಿಗೂ ಹೇಳಬೇಡ ಅಂದ್ರು. ನನಗೆ ಆಗ ಹತ್ತು ವರ್ಷ."

"ಹತ್ತು ವರ್ಷದ ಹುಡುಗನಿಗೆ ನಾನೇನೂ ಅನ್ನಲ್ಲ. ಐವತ್ತೊಂದು ವರ್ಷದವನೊಬ್ಬ ದಿನಾ ಸಂಜೆ ಟಿಕೆಟ್ ಹರಿದು ನನ್ನನ್ನ ಮಹಡಿಯಿಂದ ತಳ್ತಿದಾನಲ್ಲ, ಅವನನ್ನ ಬಿಡಲ್ಲ."

ಜನ ಗುಸುಗುಸು ಎನ್ನುತ್ತ ಚದುರಿದ ಮೇಲೆ ಅವನು ಹಿಂದೆಯೇ ಬಂದು ಅವಳ ಕೈ ಹಿಡಿದುಕೊಂಡ. "ತಪ್ಪಾಯ್ತಮ್ಮಾ. ನೀವು ಇಲ್ಲ ಅಂದ್ಕೊಂಡಿದ್ದೆ. ನಾಳೆಯಿಂದ ಈ ಮನೆ ಕಡೆ ಯಾರನ್ನೂ ಕರ್ಕೊಂಡು ಬರಲ್ಲ."

"ಯಾಕೆ ಬರಲ್ಲ? ಬರ್ತೀಯ. ನಾಳೆಯಿಂದ ಇಲ್ಲಿ ನಿಮ್ಮಪ್ಪನ ದೆವ್ವ ಓಡಾಡುತ್ತೆ. ನೀನು ಹೇಳದಿದ್ರೆ ದಿನಾ ಬಂದು ಲಾಟೀನು ಇಸ್ಕೊಂಡು ನಾನು ಹೇಳ್ತೀನಿ."

"ಅಪ್ಪ ಸತ್ತುಹೋದ್ರಮ್ಮಾ. ಸತ್ತವರ ಹೆಸರು ಕೆಡಿಸೋದು ಬೇಡ."

"ನನ್ನ ಹೆಸರು ಕೆಡಿಸಿದಾಗ ನಾನು ಬದುಕಿದ್ದೆ," ಎಂದು ಅವಳು ಕೈ ಬಿಡಿಸಿಕೊಂಡಳು.

ದಾರಿಯಲ್ಲಿ ಮಗಳು, "ಪಾಪ ಅಮ್ಮ, ಅಳ್ತಿದ್ದ. ಇಷ್ಟು ಸಾಕು," ಎಂದಳು. ಮುದುಕಿಗೆ ಪಾಪ ಅನ್ನಿಸಲಿಲ್ಲ. ಅನ್ನಿಸಬೇಕಿತ್ತೇನೋ, ಅನ್ನಿಸಲಿಲ್ಲ ಅಷ್ಟೇ.

ಮರುದಿನ ಸಂಜೆ ಅವಳು ಎಲ್ಲರಿಗಿಂತ ಮುಂದೆ ನಿಂತಿದ್ದಳು. ಅವನು ಅವಳನ್ನು ನೋಡಿದ, ನೆಲ ನೋಡಿದ, ಆಮೇಲೆ ತಗ್ಗಿದ ದನಿಯಲ್ಲಿ, "ಈ ಮನೆಯಲ್ಲಿ ಒಬ್ಬ ಡಾಕ್ಟರಿದ್ದರು. ತಮ್ಮ ಕೈಯಾರೆ ಒಂದು ಮಗುವನ್ನು ಕೊಂದು..." ಎಂದು ಶುರುಮಾಡಿದ.

"ಜೋರಾಗಿ ಹೇಳೋ ಗುಂಡ," ಎಂದಳು ಕಾಂಪೌಂಡರಮ್ಮ. "ಹಿಂದಿನವರಿಗೆ ಕೇಳಿಸ್ತಿಲ್ಲ."